ಅಕ್ಕನ ಕ್ಲಿನಿಕ್ ಲೆಕ್ಕ: ಆರು ರೂಪಾಯಿ ಹತ್ತೊಂಬತ್ತು ಪೈಸೆ ಕೊನೆಗೂ ಸಿಕ್ಕಿತು

ಸಿಕ್ಕಿತು! ಅಕ್ಕನ ಕ್ಲಿನಿಕ್ಕಿನ ಲೆಕ್ಕ ತಾಳೆಯಾಗದಂತೆ ಮಾಡಿ ನನ್ನ ನಾಲ್ಕು ಭಾನುವಾರ ನುಂಗಿದ ಆರು ರೂಪಾಯಿ ಹತ್ತೊಂಬತ್ತು ಪೈಸೆ ನಿನ್ನೆ ರಾತ್ರಿ ಹನ್ನೊಂದೂವರೆಗೆ ಸಿಕ್ಕಿತು. ಖುಷಿ ತಡೆಯಲಾಗದೆ ಅಕ್ಕನಿಗೆ ಫೋನ್ ಮಾಡಿದೆ. "ಬೆಳಿಗ್ಗೆ ಹೇಳು ಮಾರಾಯ" ಅಂತ ನಿದ್ದೆಗಣ್ಣಲ್ಲೇ ಇಟ್ಟುಬಿಟ್ಟಳು. ಬೆಳಿಗ್ಗೆ ತನಕ ಹೇಗೋ ಕಾದೆ. ಲೆಕ್ಕದ ಹುಚ್ಚು ಇರುವವರಿಗೂ ಹೇಳೋಣ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಹಾಸನದಲ್ಲಿ ಅಕ್ಕನದು ಹಲ್ಲಿನ ಕ್ಲಿನಿಕ್. ಒಂದೇ ಕುರ್ಚಿ, ಕೌಂಟರಿನಲ್ಲಿ ಒಬ್ಬಳು ಹುಡುಗಿ. 2024-25ರ ಲೆಕ್ಕವನ್ನು ನೋಟ್‌ಬುಕ್ಕಿನಿಂದ ಗ್ನುಕ್ಯಾಶ್ ಅನ್ನುವ ಲೆಕ್ಕದ ಸಾಫ್ಟ್‌ವೇರಿಗೆ ತರುವುದು ನನ್ನ ಈ ವರ್ಷದ ಕೆಲಸ. ಖಾತೆಗಳನ್ನು ತೆರೆಯುವುದು, ಆರಂಭ ಶಿಲ್ಕು (ವರ್ಷದ ಶುರುವಿಗೆ ಇದ್ದ ಮೊತ್ತ) ಹಾಕುವುದು, ಬ್ಯಾಂಕ್ ಸ್ಟೇಟ್‌ಮೆಂಟನ್ನು ಸಿಎಸ್‌ವಿ (ಸಾದಾ ಪಟ್ಟಿಯ ಫೈಲ್) ಮಾಡಿ ಒಳಗೆ ಎಳೆದುಕೊಳ್ಳುವುದು, ಇದೆಲ್ಲ ನಿಮಗೆ ಗೊತ್ತಿರುವುದೇ. ನಗದು ಈಗ ದಿನಾ ತಾಳೆಯಾಗುತ್ತಿದೆ. ರಾತ್ರಿ ಬಾಗಿಲು ಹಾಕುವ ಮುಂಚೆ ಐನೂರರ ನೋಟು ಎಷ್ಟು, ಇನ್ನೂರರದ್ದು ಎಷ್ಟು, ಚಿಲ್ಲರೆ ಎಷ್ಟು ಅಂತ ಒಂದು ಚೀಟಿ ಬರೆದು ಗಲ್ಲಾದಲ್ಲೇ ಇಡುತ್ತಾರೆ. ಯುಪಿಐ ಕೂಡ ಸುಲಭವಾಗಿಯೇ ಹೋಯಿತು, ಅದಕ್ಕೆ ಕಮಿಷನ್ ಇಲ್ಲವಲ್ಲ, ರೂಪಾಯಿಗೆ ರೂಪಾಯಿ ಬಂದು ಕೂರುತ್ತದೆ. ಗೋಡೆಯ ಮೇಲೆ ಅಕ್ಕನ ಸ್ವಂತ ಖಾತೆಯ ಕ್ಯೂಆರ್ ಒಂದು, ಕ್ಲಿನಿಕ್ಕಿನದು ಒಂದು ಅಂತ ಎರಡು ಅಂಟಿಸಿದ್ದರು. ಸ್ವಂತದ್ದನ್ನು ಕಿತ್ತು ಹಾಕಿದ ಮೇಲೆ ಅರ್ಧ ಗೊಂದಲ ಅಲ್ಲೇ ಮುಗಿಯಿತು.

ಉಳಿದಿದ್ದು ಸ್ವೈಪ್ ಮೆಷಿನ್.

ಮೆಷಿನ್ನಿನ ಲೆಕ್ಕ ಇಷ್ಟು ದಿನ ಹೇಗಿತ್ತು ಅಂದರೆ, ಬ್ಯಾಂಕಿಗೆ ಎಷ್ಟು ಬಂತೋ ಅಷ್ಟೇ ಫೀಸು ಅಂತ ನೋಟ್‌ಬುಕ್ಕಿನಲ್ಲಿ ಬರೆದಿದ್ದರು. ಇದು ತಪ್ಪು. 2024-25ರ ಲೆಕ್ಕಕ್ಕೆ ವೈದ್ಯರು ಇಡಬೇಕಾಗಿದ್ದ ದಿನದ ಪುಸ್ತಕ ಫಾರಂ 3ಸಿ, 1962ರ ಆದಾಯ ತೆರಿಗೆ ನಿಯಮಗಳ 6ಎಫ್‌ನಲ್ಲಿ ಬರುತ್ತಿತ್ತು. ತಾರೀಕು, ಕ್ರಮ ಸಂಖ್ಯೆ, ರೋಗಿಯ ಹೆಸರು, ಏನು ಚಿಕಿತ್ಸೆ, ಎಷ್ಟು ಫೀಸು, ಯಾವತ್ತು ಬಂತು ಅಂತ ಕಾಲಂಗಳು. ಅಲ್ಲಿ ಬರೆಯಬೇಕಾದದ್ದು ರೋಗಿ ಕೊಟ್ಟ ಹಣ. ಬ್ಯಾಂಕ್ ಮುರಿದುಕೊಂಡು ಉಳಿಸಿದ್ದಲ್ಲ. ರೋಗಿ 3,500 ಕೊಟ್ಟರೆ ಫೀಸು 3,500. ಬ್ಯಾಂಕ್ ಮುರಿದುಕೊಂಡದ್ದು ನಮ್ಮ ಖರ್ಚು. ಎರಡನ್ನೂ ಬೇರೆ ಬೇರೆ ತೋರಿಸಬೇಕು.

ಅದಕ್ಕೇ ನಡುವೆ ಒಂದು ಖಾತೆ ಮಾಡಿದೆ. ಹೆಸರು 'ಕಾರ್ಡ್ ಬರಬೇಕಾದ್ದು'. ರೋಗಿ ಕಾರ್ಡ್ ಉಜ್ಜಿದ ತಕ್ಷಣ ಪೂರ್ತಿ ಮೊತ್ತ ಈ ಖಾತೆಗೆ. ಮಾರನೇ ದಿನ ಬ್ಯಾಂಕಿಗೆ ಹಣ ಬಂದಾಗ ಇಲ್ಲಿಂದ ತೆಗೆದು, ಬಂದಷ್ಟು ಬ್ಯಾಂಕಿಗೆ, ಮುರಿದುಕೊಂಡಷ್ಟು ಕಮಿಷನ್ ಖಾತೆಗೆ. ಸರಿಯಾಗಿದ್ದರೆ ಈ ಖಾತೆ ಸೊನ್ನೆಗೆ ಬರಬೇಕು. ಬರದಿದ್ದರೆ ಎಲ್ಲೋ ಏನೋ ಇದೆ. ಇದರಲ್ಲಿ ಅಷ್ಟೇನೂ ಜಾಣತನ ಇಲ್ಲ, ಲೆಕ್ಕ ಬರೆಯುವವರೆಲ್ಲ ಮಾಡುವುದೇ, ಆದರೆ ನಮ್ಮ ಕ್ಲಿನಿಕ್ಕಿಗೆ ಇದು ಮೊದಲ ಸಲ.

ಸೊನ್ನೆಗೆ ಬರಲಿಲ್ಲ. ನವೆಂಬರಿನ ಒಂದು ಗುರುವಾರವನ್ನೇ ಎತ್ತಿಕೊಳ್ಳಿ, ನಾನು ನಾಲ್ಕು ವಾರ ಗುದ್ದಾಡಿದ್ದು ಇದೇ ದಿನದ ಜೊತೆ. ಐದು ಜನ ಕಾರ್ಡ್ ಕೊಟ್ಟಿದ್ದರು. 500 ರೂಪಾಯಿ ಎಕ್ಸ್‌ರೇ ಮತ್ತು ಕನ್ಸಲ್ಟೇಷನ್, ವೀಸಾ ಡೆಬಿಟ್. 1,800ಕ್ಕೆ ಕ್ಲೀನಿಂಗ್ ಮತ್ತು ಫಿಲ್ಲಿಂಗ್, ಕ್ರೆಡಿಟ್. 3,500ಕ್ಕೆ ರೂಟ್ ಕೆನಾಲ್, ಅದೂ ಕ್ರೆಡಿಟ್. 4,500ಕ್ಕೆ ಕ್ಯಾಪ್, ರೂಪೇ ಡೆಬಿಟ್. 6,000ಕ್ಕೆ ಇನ್ನೊಬ್ಬರ ರೂಟ್ ಕೆನಾಲ್ ಮತ್ತು ಕ್ಯಾಪಿನ ಅಡ್ವಾನ್ಸ್, ವೀಸಾ ಡೆಬಿಟ್. ಒಟ್ಟು 16,300. ನಮ್ಮ ಮೆಷಿನ್ನಿಗೆ ಡೆಬಿಟ್ ಕಾರ್ಡಿಗೆ ಶೇಕಡಾ 0.40, ಕ್ರೆಡಿಟ್ಟಿಗೆ 1.80 ಕಮಿಷನ್. ವರ್ಷಕ್ಕೆ 20 ಲಕ್ಷದೊಳಗಿನ ವ್ಯಾಪಾರದವರಿಗೆ ಡೆಬಿಟ್ ಕಾರ್ಡಿನ ಮೇಲೆ 0.40ಕ್ಕಿಂತ ಜಾಸ್ತಿ ಹಾಕುವಂತಿಲ್ಲ ಅಂತ 2018ರ ಜನವರಿಯಿಂದ ರಿಸರ್ವ್ ಬ್ಯಾಂಕ್ ನಿಯಮ ಇದೆ. ರೂಪೇ ಡೆಬಿಟ್ಟಿಗೆ 2020ರ ಜನವರಿಯಿಂದ ಕಮಿಷನ್ನೇ ಇಲ್ಲ. ಕಮಿಷನ್ ಎಷ್ಟಾಗುತ್ತದೋ ಅದರ ಮೇಲೆ ಶೇಕಡಾ 18 ಜಿಎಸ್‌ಟಿ.

ಕಮಿಷನ್ 121 ರೂಪಾಯಿ 40 ಪೈಸೆ. ಜಿಎಸ್‌ಟಿ ಸೇರಿಸಿದರೆ 143.25. ಅಂದರೆ ಬ್ಯಾಂಕಿಗೆ 16,156.75 ಬರಬೇಕು. ಬಂದಿದ್ದು 16,162.94.

ಜಾಸ್ತಿ ಬಂದಿದೆ! ಆರು ರೂಪಾಯಿ ಹತ್ತೊಂಬತ್ತು ಪೈಸೆ ಜಾಸ್ತಿ. ಕಡಿಮೆ ಬಂದಿದ್ದರೆ ಜಗಳ ಆಡಬಹುದಿತ್ತು. ಬ್ಯಾಂಕ್ ತಾನಾಗಿ ಜಾಸ್ತಿ ಕೊಟ್ಟರೆ ಯಾರ ಹತ್ತಿರ ಹೋಗಿ ಏನಂತ ಕೇಳುವುದು?

ಮೊದಲು ಪೈಸೆಯ ಮೇಲೆ ಅನುಮಾನ ಬಂತು. ಒಟ್ಟು ಮಾಡಿ ಆಮೇಲೆ ಪೈಸೆ ಸರಿಮಾಡುವುದಕ್ಕೂ ಸಾಲು ಸಾಲಿಗೂ ಸರಿಮಾಡುವುದಕ್ಕೂ ವ್ಯತ್ಯಾಸ ಬರುತ್ತೆ ಅಲ್ವಾ. ಪ್ರತಿ ಸಾಲಿಗೂ ರೌಂಡ್ ಹಾಕಿದೆ. ಒಂದೋ ಎರಡೋ ಪೈಸೆ ಅತ್ತಿತ್ತ ಆಯಿತು, ಆರು ರೂಪಾಯಿ ಅಲುಗಲಿಲ್ಲ. ಆಮೇಲೆ ಬ್ಯಾಚ್ ಮೇಲೆ ಅನುಮಾನ. ರಾತ್ರಿ ಮೆಷಿನ್ನಿನಲ್ಲಿ ದಿನದ ಲೆಕ್ಕ ಮುಗಿಸುವ ಸೆಟಲ್‌ಮೆಂಟ್ ಒತ್ತುವುದು ಮರೆತರೆ ಇವತ್ತಿನ ಕಾರ್ಡ್ ನಾಳೆಯ ಕಾರ್ಡಿನ ಜೊತೆ ಸೇರಿ ಬರುತ್ತದೆ. ಅಂಥ ಏಳು ದಿನ ಸಿಕ್ಕವು, ಏಳನ್ನೂ ಸರಿಮಾಡಿದೆ, ಅಷ್ಟು ಲಾಭವಾಯಿತು. ಗುರುವಾರ ಮಾತ್ರ ಹಾಗೇ ಇತ್ತು. ರೂಪೇ ಅಂತ ಬರೆದುಕೊಂಡಿದ್ದು ನಿಜಕ್ಕೂ ರೂಪೇಯೇನಾ ಅಂತ ನೋಡಲು ಸ್ಲಿಪ್ ತೆಗೆದೆ. ಸ್ಲಿಪ್ ಖಾಲಿ!

ಆ ಥರ್ಮಲ್ ರೋಲ್ ಮಾರಿದವರಿಗೆ ನನ್ನದೊಂದು ದೊಡ್ಡ ದೂರು. ಕೇಳಿದ್ದು 57 ಎಂಎಂನ ಒಳ್ಳೇ ರೋಲ್, ಕೊಟ್ಟಿದ್ದು ಮೂರು ತಿಂಗಳಿಗೆ ಅಕ್ಷರ ಹಾರಿ ಹೋಗುವ ಮಾಲು. ವಾಪಸ್ ತೆಗೆದುಕೊಂಡು ಹೋದರೆ "ಬಿಸಿಲಿಗೆ ಇಟ್ಟಿದ್ದೀರಾ ಸಾರ್" ಅಂದರು. ಬೀರುವಿನೊಳಗೆ ಎಲ್ಲಿಂದ ಬಿಸಿಲು ಬರಬೇಕು? ಲೆಕ್ಕದ ಕಾಗದ ವರ್ಷಗಟ್ಟಲೆ ಇಡಬೇಕಾದದ್ದು. ಒಂದು ಮಳೆಗಾಲ ತಡೆಯದ ಕಾಗದವನ್ನು ಮಾರುವುದು ಸರಿಯಲ್ಲ.

ನಮ್ಮನ್ನು ಉಳಿಸಿದ್ದು ಕೌಂಟರಿನ ಹುಡುಗಿ. ಅವಳು ಮೊದಲ ದಿನದಿಂದಲೂ ಪ್ರತಿ ಸ್ಲಿಪ್ಪಿನ ಹಿಂದೆ ಬಾಲ್ ಪೆನ್ನಿನಲ್ಲಿ ಬಿಲ್ ನಂಬರು, ಮೊತ್ತ, ಕಾರ್ಡಿನ ಜಾತಿ ಬರೆದು, ತಿಂಗಳಿಗೊಂದು ಕಟ್ಟು ಮಾಡಿ, ದಾರ ಪೋಣಿಸಿ ಇಟ್ಟಿದ್ದಾಳೆ. ಮುಂದೆ ಬಿಳೀ ಹಾಳೆ, ಹಿಂದೆ ಗುಂಡಗಿನ ನೀಲಿ ಅಕ್ಷರ: 'ಬಿ. 412, 4500, ರೂಪೇ'. ಅಂಥ ಕಟ್ಟುಗಳು ಹನ್ನೆರಡು. ಯಾರೂ ಹೇಳಿಕೊಟ್ಟಿದ್ದಲ್ಲ.

ಅವಳ ಜೊತೆ ಕೂತು ಕಟ್ಟು ಬಿಚ್ಚುತ್ತಿದ್ದಾಗ ಒಂದು ಮಾತು ಹೇಳಿದಳು. "ಸರ್, ರೂಟ್ ಕೆನಾಲ್ ಮಾತ್ರ ಇರೋ ದಿನ ನಿಮ್ ಲೆಕ್ಕ ಸರಿ ಬರುತ್ತೆ. ಸಣ್ ಬಿಲ್ ಜಾಸ್ತಿ ಇರೋ ದಿನಾನೇ ತಪ್ಪೋದು." ನಾನು ತಕ್ಷಣ ಲ್ಯಾಪ್‌ಟಾಪ್ ತೆಗೆದೆ. ದೊಡ್ಡ ಬಿಲ್ಲುಗಳೇ ಇದ್ದ ದಿನಗಳನ್ನು ಬೇರೆ ಮಾಡಿ ನೋಡಿದರೆ, ಪೈಸೆಗೆ ಪೈಸೆ ಸರಿ. ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ಆಮೇಲೆ ಮೆಲ್ಲಗೆ ಇನ್ನೊಂದು ಹೇಳಿದಳು: ಹಿಂದೆ ತಿಂಗಳ ಕೊನೆಗೆ ನೋಟ್‌ಬುಕ್ ತಾಳೆಯಾಗದೆ ಇದ್ದಾಗ ತನ್ನ ಕೈಯಿಂದ ಹತ್ತು ಇಪ್ಪತ್ತು ಗಲ್ಲಾಕ್ಕೆ ಹಾಕಿದ್ದುಂಟಂತೆ. ಅಕ್ಕ ಅವಳ ಮೇಲೆ ಒಂದು ದಿನವೂ ಅನುಮಾನ ಪಟ್ಟವಳಲ್ಲ. ಆದರೂ ತನ್ನ ತಲೆ ಮೇಲೆ ಬರುತ್ತದೇನೋ ಅನ್ನುವ ಹೆದರಿಕೆ. ಕೇಳಿ ನನಗೆ ತುಂಬಾ ಬೇಜಾರಾಯಿತು. ಅವತ್ತೇ ತೀರ್ಮಾನ ಮಾಡಿದೆ, ಇದನ್ನು 'ಇತರೆ ವ್ಯತ್ಯಾಸ' ಅಂತ ಬರೆದು ಮುಚ್ಚುವುದಿಲ್ಲ, ಬುಡ ಮುಟ್ಟುವ ತನಕ ಬಿಡುವುದಿಲ್ಲ ಅಂತ.

ಬ್ಯಾಂಕಿನಿಂದ ಬಿಲ್ಲುವಾರು ವಿವರ ಬೇಕಿತ್ತು. ಸ್ಟೇಟ್‌ಮೆಂಟಿನಲ್ಲಿ ಬರುವುದು ದಿನಕ್ಕೆ ಒಂದೇ ಸಾಲು. ಶಾಖೆಯಲ್ಲಿ ಕೇಳಿದರೆ ಟೋಲ್‌ಫ್ರೀ ನಂಬರಿಗೆ ಮಾಡಿ ಅಂದರು. ಟೋಲ್‌ಫ್ರೀಯವರು ಇಮೇಲ್ ಮಾಡಿ ಅಂದರು. ಇಮೇಲಿಗೆ ಉತ್ತರ ಬಂತು: ಶಾಖೆಯಲ್ಲಿ ವಿಚಾರಿಸಿ. ಹೀಗೆ ಒಂದು ಪ್ರದಕ್ಷಿಣೆ ಮುಗಿದು ಎರಡನೆಯದು ಶುರುವಾದ ಮೇಲೆ, ಮೂರನೇ ವಾರದಲ್ಲಿ, ಒಂದು ಫೈಲ್ ಬಂತು. ಮೂವತ್ತೊಂದು ಕಾಲಂ. ಬಲಕ್ಕೆ ಎಳೆಯುತ್ತಾ ಎಳೆಯುತ್ತಾ ಹೋದರೆ ಕೊನೆಯ ಹತ್ತಿರ ಜಿಎಸ್‌ಟಿ ಕಾಲಂ.

500ರ ಎದುರು 0.00. 1,800ರ ಎದುರು 0.00. 3,500ರ ಎದುರು 11.34. 6,000ದ ಎದುರು 4.32.

ನೋಡುತ್ತಿದ್ದ ಹಾಗೆ ಮೈ ಜುಮ್ಮೆಂದಿತು. ಒಂದು ಸಲಕ್ಕೆ 2,000 ರೂಪಾಯಿ ತನಕದ ಕಾರ್ಡ್ ವ್ಯವಹಾರಕ್ಕೆ ಬ್ಯಾಂಕ್ ತೆಗೆದುಕೊಳ್ಳುವ ಕಮಿಷನ್ನಿನ ಮೇಲೆ ಜಿಎಸ್‌ಟಿ ಇಲ್ಲ. ಕಮಿಷನ್ ಇದೆ, ಅದರ ಮೇಲಿನ ತೆರಿಗೆ ಇಲ್ಲ. ಇದು ಹೊಸದಲ್ಲ, 2017ರಲ್ಲಿ ಜಿಎಸ್‌ಟಿ ಶುರುವಾದಾಗ ಬಂದ 12/2017 ಅಧಿಸೂಚನೆಯಲ್ಲೇ ಇದೆ. ಡಾಕ್ಟರ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ ಅಂತ ಹೇಳುವುದೂ ಅದೇ ಅಧಿಸೂಚನೆ! ಆ ಸಾಲನ್ನು ನೋಡಲೆಂದು ಅದನ್ನು ಎಷ್ಟೋ ಸಲ ತೆರೆದಿದ್ದೇನೆ. 500 ಮತ್ತು 1,800ರ ಕಮಿಷನ್ 2 ರೂಪಾಯಿ ಮತ್ತು 32.40, ಸೇರಿ 34.40. ಅದರ ಶೇಕಡಾ 18 ಅಂದರೆ 6.19. ಇಲ್ಲೇ ಇತ್ತು!

ಶೀಟಿನಲ್ಲಿ ಒಂದು ಇಫ್ (ಹೀಗಿದ್ದರೆ ಹೀಗೆ ಅನ್ನುವ ಸೂತ್ರ) ಹಾಕಿದೆ. 2,000ಕ್ಕಿಂತ ಕಡಿಮೆ ಇದ್ದರೆ ಜಿಎಸ್‌ಟಿ ಸೊನ್ನೆ. ಎಳೆದು ಬಿಟ್ಟರೆ ವ್ಯತ್ಯಾಸದ ಕಾಲಂ ಪೂರ್ತಿ ಸೊನ್ನೆ, ಸೊನ್ನೆ, ಸೊನ್ನೆ. ಜನವರಿಯ ಒಂದು ದಿನ ಮಾತ್ರ 6.48. ಈ ಸಲ ಐದು ನಿಮಿಷ ಸಾಕಾಯಿತು. ಅವತ್ತು ಯಾರೋ ಸರಿಯಾಗಿ 2,000 ರೂಪಾಯಿಯ ಕ್ರೆಡಿಟ್ ಕಾರ್ಡ್ ಉಜ್ಜಿದ್ದರು. ಕಮಿಷನ್ 36, ಅದರ 18 ಪರ್ಸೆಂಟ್ 6.48. 2,000 'ತನಕ' ಅಂದರೆ 2,000ವೂ ಸೇರಿ. ಕಡಿಮೆ ಅನ್ನುವ ಗುರುತಿನ ಪಕ್ಕ ಒಂದು ಸಮ ಚಿಹ್ನೆ ಸೇರಿಸಿದೆ, ಅದೂ ಸೊನ್ನೆಯಾಯಿತು. ಅಕ್ಕನಿಗೆ ಫೋನ್ ಮಾಡಿದ್ದು ಆಗಲೇ.

ಒಂದು ಗಮನಿಸಿ. ನಾವು ಕಟ್ಟುವ ಈ ಜಿಎಸ್‌ಟಿಯನ್ನು ಕ್ಲಿನಿಕ್ ವಾಪಸ್ ಪಡೆಯುವ ಹಾಗಿಲ್ಲ. ಚಿಕಿತ್ಸೆಗೆ ತೆರಿಗೆ ಇಲ್ಲದ ಮೇಲೆ ಕಟ್ಟಿದ್ದನ್ನು ಮುರಿದುಕೊಳ್ಳಲು ಜಾಗವೇ ಇಲ್ಲ. ಹಾಗಾಗಿ ಕಮಿಷನ್ನಿಗೂ ಅದರ ಜಿಎಸ್‌ಟಿಗೂ ಬೇರೆ ಬೇರೆ ಖಾತೆ ಮಾಡಬೇಡಿ, ಸುಮ್ನೆ ಕೆಲಸ ಜಾಸ್ತಿ. ಎರಡೂ ಒಟ್ಟಿಗೆ ಖರ್ಚಿಗೇ ಹೋಗಲಿ. ಮೆಷಿನ್ ಬಾಡಿಗೆ ನಮಗೆ 300, ಜಿಎಸ್‌ಟಿ ಸೇರಿ 354, ಅದನ್ನೂ ಹಾಗೇ ಬರೆದಿದ್ದೇನೆ.

ಈಗ ನನ್ನ ಕಣ್ಣು ಲ್ಯಾಬಿನ ಖಾತೆ ಮೇಲೆ ಬಿದ್ದಿದೆ. ಕ್ಯಾಪ್ ಮಾಡಿಕೊಡುವ ಲ್ಯಾಬಿನವರು ಬಿಲ್ಲನ್ನು ಹರಿದ ಚೀಟಿಯಲ್ಲಿ ಬರೆದು, ಕ್ಯಾಪಿನ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ ಬಸ್ಸಿನಲ್ಲಿ ಕಳಿಸುತ್ತಾರೆ. ಯಾವ ಚೀಟಿ ಯಾವ ರೋಗಿಯದು, ಯಾವುದಕ್ಕೆ ದುಡ್ಡು ಕೊಟ್ಟಾಗಿದೆ, ಯಾವುದನ್ನು ಸರಿ ಕೂರಲಿಲ್ಲ ಅಂತ ವಾಪಸ್ ಕಳಿಸಿದ್ದು, ಒಂದೂ ಗೊತ್ತಾಗುವುದಿಲ್ಲ. ಮೇಲಾಗಿ ಅವರಿಗೆ ತಿಂಗಳ ಹಣ ನಗದಾಗಿಯೇ ಬೇಕು. ಹದಿನಾಲ್ಕು ಸಾವಿರ ನಗದು ಕೊಡಲು ಆಗುವುದಿಲ್ಲ, ಒಬ್ಬರಿಗೆ ಒಂದು ದಿನದಲ್ಲಿ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಅದನ್ನು ಖರ್ಚು ಅಂತ ತೋರಿಸಲು ತೆರಿಗೆ ಕಾನೂನು ಬಿಡುವುದಿಲ್ಲ ಅಂತ ಎಷ್ಟು ಸಲ ಹೇಳಿದರೂ ಕೇಳುತ್ತಿಲ್ಲ. ಅವರಿಗೆ ಮೂರು ಹಾಳೆ ಇರುವ ಆರ್ಡರ್ ಪುಸ್ತಕ ಅಚ್ಚು ಹಾಕಿಸಿ ಕೊಡೋಣ ಅಂತಿದ್ದೇನೆ. ಒಂದು ಹಾಳೆ ನಮ್ಮಲ್ಲಿ, ಒಂದು ಲ್ಯಾಬಿನಲ್ಲಿ, ಒಂದು ಕ್ಯಾಪಿನ ಜೊತೆ ವಾಪಸ್. ನಂಬರು ಮೊದಲೇ ಅಚ್ಚಾಗಿರಬೇಕು. ಪ್ರೆಸ್ಸಿನವರು ಐವತ್ತು ಪುಸ್ತಕಕ್ಕಿಂತ ಕಡಿಮೆ ಮಾಡಲ್ಲ ಅನ್ನುತ್ತಿದ್ದಾರೆ. ಹಾಸನದ ಸುತ್ತಮುತ್ತ ಯಾರಿಗಾದರೂ ಹತ್ತು ಹದಿನೈದು ಪುಸ್ತಕ ಬೇಕಿದ್ದರೆ ಹೇಳಿ, ಹಂಚಿಕೊಳ್ಳೋಣ.

ಇರಲಿ, ಮಾರ್ಚ್ ಮುಗಿಸುತ್ತೇನೆ. ವರ್ಷದ ಕೊನೆಗೆ 'ಕಾರ್ಡ್ ಬರಬೇಕಾದ್ದು' ಖಾತೆಯಲ್ಲಿ 5,300 ಉಳಿದಿದೆ. ಇದು ತಪ್ಪಲ್ಲ. ಮಾರ್ಚ್ 31ರ ಸಂಜೆ ಇಬ್ಬರು ಕಾರ್ಡ್ ಕೊಟ್ಟಿದ್ದರು, 1,800 ಮತ್ತು 3,500. ಏಪ್ರಿಲ್ 1 ಬ್ಯಾಂಕಿನ ವರ್ಷದ ಲೆಕ್ಕ ಮುಗಿಸುವ ದಿನ, ಹಣ ಬಂದಿದ್ದು 2ನೇ ತಾರೀಕು. ರೋಗಿಗಳು ಕೊಟ್ಟಿದ್ದು ಹಳೇ ವರ್ಷದಲ್ಲೇ ಆದ್ದರಿಂದ ಫೀಸು ಹಳೇ ವರ್ಷಕ್ಕೇ ಇರಲಿ ಅಂತ ಬಿಟ್ಟಿದ್ದೇನೆ, ಸಿಎ ಕೂಡ ಹಾಗೇ ಇರಲಿ ಅಂದರು. ಆಖೈರು ಶಿಲ್ಕಿನಲ್ಲಿ (ವರ್ಷದ ಕೊನೆಗೆ ಉಳಿದ ಮೊತ್ತದಲ್ಲಿ) 5,300 ಮುಂದಕ್ಕೆ ಹೋಗುತ್ತದೆ, 2ನೇ ತಾರೀಕು ಸೊನ್ನೆಯಾಗುತ್ತದೆ.

ಇವತ್ತು ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿ ಶೀಟನ್ನು ಆ ಹುಡುಗಿಗೆ ತೋರಿಸಿದೆ. ನವೆಂಬರಿನ ಗುರುವಾರದ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು. ಅವಳು ಕೈಯಿಂದ ಹಾಕಿದ ಹಣವನ್ನು ನೆನಪಿದ್ದಷ್ಟು ಪಟ್ಟಿ ಮಾಡಿಸಿ, ಅಕ್ಕ ಅಲ್ಲೇ ವಾಪಸ್ ಕೊಟ್ಟಳು. 140 ರೂಪಾಯಿ. ಅದಕ್ಕೂ ಒಂದು ವೋಚರ್ ಬರೆದು, ನಂಬರು ಹಾಕಿ, ಕಿರ್ದಿಗೆ ಏರಿಸಿದ್ದೇನೆ.