ಕಡಲಾಚೆಯಿಂದ ಬರುವ ಹಳೆಯ ಕ್ಯಾರವಾನ್

ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆಗಳಾದ ಹಳೆಯ ಕ್ಯಾರವಾನ್‌ಗಳೆಂದರೆ ನನಗೆ ಬಹಳ ಪ್ರೀತಿ. ಆದರೂ ಹೊರದೇಶದಿಂದ ಒಂದನ್ನು ತರಿಸಿಕೊಳ್ಳುವಾಗ ನಾನು ಮೊದಲು ವಿಚಾರಿಸುವುದು ಅಲ್ಯೂಮಿನಿಯಂ ತಗಡಿನ ಹಿಂದೆ ಅಡಗಿರುವ ಮರದ ಚೌಕಟ್ಟಿನ ಸ್ಥಿತಿಯನ್ನು. ಕಿಟಕಿಯ ಕೆಳಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಪ್ಲೈವುಡ್ ಮೆತ್ತಗೆ ಒಳಸರಿದರೆ, ಅಲ್ಲಿ ಬಹುಕಾಲದಿಂದ ನೀರು ಜಿನುಗಿದೆ ಎಂದೇ ತಿಳಿಯಬೇಕು. ನಾವೇ ಹೋಗಿ ನೋಡಲಾಗದಿದ್ದರೆ, ಆ ಕಸುಬು ಬಲ್ಲವರೊಬ್ಬರನ್ನು ಅಲ್ಲಿಗೆ ಕಳುಹಿಸಿ ಪರೀಕ್ಷೆ ಮಾಡಿಸುವ ಖರ್ಚು ಖಂಡಿತ ದಂಡವಲ್ಲ. ಚಾಸಿ ಸಂಖ್ಯೆ ಮಾಲೀಕತ್ವದ ಪತ್ರದೊಂದಿಗೆ ತಾಳೆಯಾಗಬೇಕು. ಇಲ್ಲವಾದರೆ ಕಸ್ಟಮ್ಸ್‌ನಲ್ಲಿ ತೊಡಕು ತಪ್ಪದು. ಸಾಮಾನ್ಯ ಕಂಟೇನರಿನ ಬಾಗಿಲು ಸುಮಾರು 2.34 ಮೀಟರ್ ಅಗಲವಿರುವುದರಿಂದ, ಎಂಟು ಅಡಿ, ಅಂದರೆ 2.44 ಮೀಟರ್ ಅಗಲದ ಅಮೆರಿಕನ್ ಕ್ಯಾರವಾನ್ ಅದರೊಳಗೆ ಹಿಡಿಸುವುದಿಲ್ಲ. ಅಂಥದಕ್ಕೆ, ವಾಹನಗಳನ್ನು ಗಾಲಿಗಳ ಮೇಲೆಯೇ ಒಳಕ್ಕೆ ಎಳೆದುಕೊಳ್ಳುವ ರೋ-ರೋ ಹಡಗನ್ನು ಗೊತ್ತುಮಾಡಬಹುದು.