ಐಸಿಯುನಲ್ಲಿರುವ ಅಪ್ಪ ಅಮ್ಮ ಬಡಬಡಿಸತೊಡಗಿದರೆ

ಐಸಿಯು ಸೇರಿದ ಎರಡು ಮೂರು ದಿನಕ್ಕೆ ಹೆತ್ತವರು ಬೇರೆ ಯಾರೋ ಆಗಿಬಿಟ್ಟಂತೆ ಆಡುವುದುಂಟು. ಗೋಡೆ ಮೇಲೆ ಹುಳ ಹರಿಯುತ್ತಿದೆ ಎನ್ನುತ್ತಾರೆ, ಎಂದೋ ತೀರಿಕೊಂಡವರನ್ನು ಕೂಗುತ್ತಾರೆ, ಡ್ರಿಪ್ ಕೀಳಲು ನೋಡುತ್ತಾರೆ. ಇದು ಡೆಲಿರಿಯಂ, ಅಂದರೆ ಕಾಯಿಲೆಯ ನಡುವೆ ಹಠಾತ್ತನೆ ಕವಿಯುವ ಗೊಂದಲ. ಹುಚ್ಚಲ್ಲ. ಅರವತ್ತೈದು ದಾಟಿದವರಲ್ಲಿ, ಅದರಲ್ಲೂ ವೆಂಟಿಲೇಟರ್ ಮೇಲಿದ್ದವರಲ್ಲಿ ತುಂಬಾ ಸಾಮಾನ್ಯ.

ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಇದು ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ಬರುತ್ತದೆ. ಬೆಳಿಗ್ಗೆ ಸರಿಯಾಗಿ ಮಾತಾಡಿದವರು ಸಂಜೆಯಾಗುತ್ತಲೇ ಹಳಿ ತಪ್ಪುತ್ತಾರೆ. ಕೂಗಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಸುಮ್ಮನೆ ಮಂಕಾಗಿ ಮಲಗಿ, ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಡುವವರದೂ ಡೆಲಿರಿಯಂ ಇರಬಹುದು. ‘ನಿದ್ದೆ ಮಾಡುತ್ತಿದ್ದಾರೆ’ ಎಂದು ಅದನ್ನು ಬಿಟ್ಟುಬಿಡುವುದೇ ಹೆಚ್ಚು. ಇಲ್ಲಿ ಮನೆಯವರ ಮಾತಿಗೆ ನಿಜವಾದ ಬೆಲೆಯಿದೆ. ‘ನಿನ್ನೆವರೆಗೂ ಹೀಗಿರಲಿಲ್ಲ, ಮೊಮ್ಮಗನ ಹೆಸರು ಹೇಳುತ್ತಿದ್ದರು’ ಎಂದು ನರ್ಸ್‌ಗೆ ಬಿಡಿಸಿ ಹೇಳಿ. ಅವರ ಸಹಜ ಸ್ವಭಾವ ಗೊತ್ತಿರುವುದು ನಿಮಗೆ ಮಾತ್ರ.

ಕಾರಣ ಹುಡುಕುವುದು ವೈದ್ಯರ ಕೆಲಸವಾದರೂ ಕೇಳಬೇಕಾದ್ದನ್ನು ಕೇಳಿ. ಹೊಸ ಸೋಂಕು ಇದೆಯೇ? ನೋವು ತಡೆಯಲಾಗುತ್ತಿಲ್ಲವೇ? ಮೂತ್ರ ಕಟ್ಟಿದೆಯೇ, ಮಲಬದ್ಧತೆಯೇ? ರಕ್ತದಲ್ಲಿ ಸೋಡಿಯಂ, ಸಕ್ಕರೆ, ಆಮ್ಲಜನಕ ಎಷ್ಟಿದೆ? ನಿದ್ದೆಗೆಂದು ಕೊಟ್ಟ ಔಷಧವೇ ಗೊಂದಲ ಹೆಚ್ಚಿಸಿರಬಹುದು. ಇನ್ನೊಂದು ಮಾತು, ಮುಜುಗರವಾದರೂ ಮುಚ್ಚಿಡಬೇಡಿ: ದಿನವೂ ಕುಡಿಯುತ್ತಿದ್ದರೆ, ವರ್ಷಗಳಿಂದ ನಿದ್ದೆ ಮಾತ್ರೆ ನುಂಗುತ್ತಿದ್ದರೆ ಮೊದಲ ದಿನವೇ ತಿಳಿಸಿ. ಅವು ಒಮ್ಮೆಲೇ ನಿಂತರೂ ಇದೇ ಗೊಂದಲ, ಫಿಟ್ಸ್ ಕೂಡ ಬರಬಹುದು, ಅದರ ಚಿಕಿತ್ಸೆಯೇ ಬೇರೆ.

ಇನ್ನು ನಿಮ್ಮ ಕೈಯಲ್ಲಿರುವುದು. ಕನ್ನಡಕ ಒರೆಸಿ ಹಾಕಿ. ಹಿಯರಿಂಗ್ ಏಡ್‌ಗೆ ಹೊಸ ಬ್ಯಾಟರಿ ಹಾಕಿಸಿ. ಅದು ಬ್ಯಾಗಿನಲ್ಲೇ ಉಳಿದುಬಿಟ್ಟರೆ ಅವರ ಪಾಲಿಗೆ ಸುತ್ತಲಿನವರ ಬಾಯಾಡುತ್ತದೆ, ಮಾತು ಕೇಳಿಸುವುದಿಲ್ಲ, ಅನುಮಾನ ಬೆಳೆಯುವುದೇ ಅಲ್ಲಿಂದ. ಕಣ್ಣಿಗೆ ಬೀಳುವಲ್ಲಿ ದೊಡ್ಡ ಅಂಕಿಯ ಗಡಿಯಾರವಿರಲಿ. ಭೇಟಿಗೆ ಬಿಟ್ಟಾಗ ಎದುರಿಗೇ ನಿಂತು, ನೀವು ಯಾರು, ಇದು ಯಾವ ಜಾಗ, ಇವತ್ತು ಯಾವ ವಾರ ಎಂದು ಚಿಕ್ಕ ಮಾತಿನಲ್ಲಿ ಹೇಳಿ. ‘ಗೊತ್ತಾಯ್ತಾ, ನಾನ್ಯಾರು ಹೇಳಿ’ ಎಂದು ಪರೀಕ್ಷೆ ಮಾಡಬೇಡಿ. ಹುಳ ಇಲ್ಲವೆಂದು ವಾದಕ್ಕೂ ಇಳಿಯಬೇಡಿ, ‘ಭಯವಾಯ್ತಾ? ನಾನಿಲ್ಲೇ ಇದ್ದೀನಿ’ ಎಂದರೆ ಸಾಕು. ಹಗಲು ಪರದೆ ಸರಿಸಿ ಬೆಳಕು ಬಿಡಲು, ರಾತ್ರಿ ಆದಷ್ಟು ದೀಪ ತಗ್ಗಿಸಲು ಕೇಳಿಕೊಳ್ಳಿ.

ಬಾಯಾರಿದೆ ಎಂದು ಬೇಡಿದರೂ ನರ್ಸನ್ನು ಕೇಳದೆ ಒಂದು ಗುಟುಕು ನೀರನ್ನೂ ಕುಡಿಸಬೇಡಿ. ಪೂರ್ತಿ ಎಚ್ಚರವಿಲ್ಲದಾಗ, ಉಸಿರಾಟದ ಕೊಳವೆ ತೆಗೆದ ಹೊಸತರಲ್ಲಿ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಒದ್ದೆ ಹತ್ತಿಯಿಂದ ತುಟಿ ಒರೆಸಬಹುದೇ ಎಂದು ಕೇಳಿ.

ಕೊಳವೆ ಕಿತ್ತುಕೊಳ್ಳದಂತೆ ಕೈ ಕಟ್ಟಿದ್ದರೆ ನೋಡಲು ಸಂಕಟವೇ. ಕಟ್ಟಿದಷ್ಟೂ ಕೊಸರಾಟ ಹೆಚ್ಚುವುದೂ ಉಂಟು. ‘ನಾವೊಬ್ಬರು ಪಕ್ಕದಲ್ಲೇ ಕೂತಿರುತ್ತೇವೆ, ಅಷ್ಟು ಹೊತ್ತು ಬಿಚ್ಚಬಹುದೇ?’ ಎಂದು ಕೇಳಿ, ನೀವಾಗಿಯೇ ಬಿಚ್ಚಬೇಡಿ.

ಬಹುತೇಕರಿಗೆ ಮೂಲ ಕಾಯಿಲೆ ಇಳಿದಂತೆ ಕೆಲವು ದಿನಗಳಲ್ಲೋ ವಾರಗಳಲ್ಲೋ ತಿಳಿಯಾಗುತ್ತದೆ, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಡಿಸ್ಚಾರ್ಜ್ ದಿನ ಚೀಟಿಯನ್ನು ಸಾಲು ಸಾಲಾಗಿ ಓದಿಸಿಕೊಳ್ಳಿ. ಗೊಂದಲ ತಗ್ಗಿಸಲೆಂದು ಐಸಿಯುನಲ್ಲಿ ಶುರು ಮಾಡಿದ ಮಾತ್ರೆ ಯಾರ ಗಮನಕ್ಕೂ ಬಾರದೆ ಮನೆಯವರೆಗೂ ಮುಂದುವರಿಯುವುದಿದೆ. ಅದು ಯಾಕೆ, ಎಷ್ಟು ದಿನ, ನಿಲ್ಲಿಸುವುದು ಹೇಗೆ ಎಂಬುದನ್ನು ಆ ಚೀಟಿಯಲ್ಲೇ ಬರೆಸಿಕೊಳ್ಳಿ.