ಹುಬ್ಬಳ್ಳಿಯಿಂದ ಲೇಹ್‌ಗೆ: ಹಾರಾಟ ನಾಲ್ಕು ಗಂಟೆ, ಪ್ರಯಾಣ ಒಂದು ದಿನ

ಹುಬ್ಬಳ್ಳಿಯಿಂದ ಲಡಾಖ್‌ನ ಲೇಹ್‌ಗೆ ಮ್ಯಾಪಿನಲ್ಲಿ ನೇರ ಗೆರೆ ಎಳೆದರೆ ಸುಮಾರು 2,100 ಕಿ.ಮೀ. ದೆಹಲಿ ಹೆಚ್ಚುಕಡಿಮೆ ಆ ಗೆರೆಯ ಮೇಲೇ ಇದೆ. ಅಲ್ಲಿವರೆಗೆ ಸುಮಾರು 1,480, ಮುಂದೆ 620. ಹಾಗಾಗಿ ದೆಹಲಿಗೆ ನೇರ ವಿಮಾನ ಸಿಕ್ಕರೆ ಸುತ್ತು ಅನ್ನೋದೇ ಇಲ್ಲ. ಗೋಕುಲ ರಸ್ತೆಯ ನಮ್ಮ ನಿಲ್ದಾಣದಿಂದ ಎರಡೂವರೆ ಗಂಟೆ ಚಿಲ್ಲರೆ, ದೆಹಲಿಯಿಂದ ಒಂದೂಕಾಲು ಗಂಟೆ ಚಿಲ್ಲರೆ. ಬೆಂಗಳೂರು ಮೇಲೆ ಹೋದರೆ ಸುಮಾರು 600 ಕಿ.ಮೀ. ಜಾಸ್ತಿ. ಉತ್ತರಕ್ಕೆ ಹೊರಟವರು ಮೊದಲು ದಕ್ಷಿಣಕ್ಕೆ ಯಾಕೆ ಹೋಗಬೇಕು, ಅಲ್ವಾ? ನೇರ ವಿಮಾನ ಇಲ್ಲದ ದಿನ ಮುಂಬೈ ಮೇಲೆ ಹೋಗಿ, ಸುತ್ತು ಕಡಿಮೆ.

ಹಾಗಂತ ಬೆಳಿಗ್ಗೆ ಇಲ್ಲಿ ಉಪ್ಪಿಟ್ಟು ತಿಂದು ಸಂಜೆ ಚಹಾಕ್ಕೆ ಲೇಹ್ ಮುಟ್ಟೋ ಲೆಕ್ಕ ಹಾಕಬೇಡಿ. ಅಲ್ಲಿಗೆ ಹೋಗುವ ವಿಮಾನಗಳು ಹೆಚ್ಚಾಗಿ ಬೆಳಗಿನವೇ. ಮಧ್ಯಾಹ್ನ ಕಣಿವೆಯಲ್ಲಿ ಗಾಳಿ ಜೋರು. ಬಿಸಿಲೇರಿದಂತೆ ಮೊದಲೇ ತೆಳುವಾದ ಗಾಳಿ ಇನ್ನೂ ತೆಳುವಾಗಿ, ವಿಮಾನ ಹೊರಬಹುದಾದ ಭಾರವೂ ಇಳಿಯುತ್ತದೆ. ಹೀಗಾಗಿ ದೆಹಲಿಯಲ್ಲಿ ರಾತ್ರಿ ಕಳೆಯಲೇಬೇಕು. ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿ ಇರಲಿ. ಟರ್ಮಿನಲ್ ನಂಬರ್ ನೋಡಿಕೊಂಡೇ ರೂಮ್ ಬುಕ್ ಮಾಡಿ. ದೆಹಲಿಯಲ್ಲಿ ಒಂದನೇ ಟರ್ಮಿನಲ್‌ನಿಂದ ಮೂರನೆಯದಕ್ಕೆ ನಡೆದು ಹೋಗೋ ಮಾತೇ ಇಲ್ಲ, ಗಾಡಿ ಬೇಕು.

ಹುಬ್ಬಳ್ಳಿ ಇರುವುದು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ. ಲೇಹ್ ನಿಲ್ದಾಣ 3,200 ಮೀಟರ್‌ಗೂ ಮೇಲೆ. ದೆಹಲಿ ಬಿಟ್ಟ ಮೇಲೆ ಮೈಗೆ ಹೊಂದಿಕೊಳ್ಳೋಕೆ ಪುರುಸೊತ್ತೇ ಸಿಗುವುದಿಲ್ಲ. ನಮ್ಮ ಕಾಕಾ ಇಳಿದ ಕೂಡಲೇ "ನನಗೇನಾಗೇತಿ, ಮಾರ್ಕೆಟ್ ನೋಡಿ ಬರ್ತೀನಿ" ಎಂದು ಹೊರಟರು. ಹೋಟೆಲ್ ಮೆಟ್ಟಿಲ ಅರ್ಧಕ್ಕೇ ಕಟಾಂಜನ ಹಿಡಿದು ಕೂತರು. ಚೀಲದಲ್ಲಿದ್ದ ಶೇಂಗಾ ಚಟ್ನಿಯ ಪ್ಯಾಕೆಟ್ ತೆಗೆದರೆ ದಿಂಬಿನ ಹಾಗೆ ಉಬ್ಬಿತ್ತು. ಒಳಗಿನ ಗಾಳಿ ನಮ್ಮೂರಿನದು, ಹೊರಗೆ ಒತ್ತಡ ಕಡಿಮೆ.

ಮೊದಲ ಎರಡು ದಿನ ಸುಮ್ನೆ ಮಲಗಿ, ನೀರು ಕುಡಿಯಿರಿ. ಖರ್ದುಂಗ್ ಲಾ ಘಾಟಿ, ಪಾಂಗಾಂಗ್ ಸರೋವರ ಎಲ್ಲ ಆಮೇಲೆ. ಬಿಪಿ, ಹೃದಯದ ತೊಂದರೆ ಇದ್ದವರು ಟಿಕೆಟ್ ತೆಗೆಯುವ ಮುಂಚೆಯೇ ಡಾಕ್ಟರ್ ಹತ್ತಿರ ಹೋಗಿ ಬರಲಿ. ಯಾರೋ ಹೇಳಿದರು ಅಂತ ಮಾತ್ರೆ ನುಂಗಬೇಡಿ. ಇಲ್ಲಿನ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಗುಂಪಿನಲ್ಲಿ ಒಬ್ಬರ ಹತ್ತಿರವಾದರೂ ಪೋಸ್ಟ್‌ಪೇಯ್ಡ್ ಇರಲಿ. ಲೇಹ್ ನಿಲ್ದಾಣ ವಾಯುಪಡೆಯ ಜಾಗ, ಅಲ್ಲಿ ಫೋಟೋ ತೆಗೆಯೋ ಹಾಗಿಲ್ಲ.

ವಾಪಸ್ ಬರುವುದು ಹಗುರ. ಬೆಳಿಗ್ಗೆ ಲೇಹ್ ಬಿಟ್ಟರೆ, ದೆಹಲಿಯಲ್ಲಿ ವಿಮಾನದ ವೇಳೆ ಹೊಂದಿದ ದಿನ, ರಾತ್ರಿಯೊಳಗೆ ಮನೆ. ಆದರೆ ಹವಾಮಾನ ಕೆಟ್ಟರೆ ಆ ದಿನದ ವಿಮಾನವೇ ರದ್ದಾಗಬಹುದು. ಚಳಿಗಾಲದಲ್ಲಿ ಮನಾಲಿ ರಸ್ತೆಯೂ ಹಿಮಕ್ಕೆ ಮುಚ್ಚಿರುತ್ತದೆ. ರಜೆಗೆ ಒಂದು ದಿನ ಹೆಚ್ಚಿಗೆ ಬರೆದುಕೊಟ್ಟೇ ಹೊರಡಿ.